ಕನ್ನಡಕವಿಲ್ಲದೆ ಕಂಡ ಕರಾವಳಿ

ಜೂನ್ ತಿಂಗಳ ಒಂದು ಗುರುವಾರ ಆಫೀಸು ಮುಗಿಸಿ ದೋಹಾದ ಅಲ್ ಸದ್ದ್‌ನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಸೂಟ್‌ಕೇಸ್ ಇಳಿಸುವಾಗ ನನ್ನ ಬಳಿ ಎಲ್ಲದಕ್ಕೂ ಮೂರು ಮೂರು ಪ್ರತಿಗಳಿದ್ದವು. ಪಾಸ್‌ಪೋರ್ಟ್, ವೀಸಾ, ವಿಮೆ, ಹೋಟೆಲ್ ಚೀಟಿ, ಕೊನೆಗೆ ರಕ್ತದ ಗುಂಪಿನ ಕಾಗದ ಕೂಡ. ನಾನು ಒಂದು ಕಟ್ಟಡ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಎಂಟು ವರ್ಷದಿಂದ ಇನ್ನೊಬ್ಬರ ನಕ್ಷೆ, ಪತ್ರ, ಸಹಿಗಳನ್ನು ಕಾಯುವುದೇ ನನ್ನ ಹೊಟ್ಟೆಪಾಡು. ಇಷ್ಟೆಲ್ಲ ಜಾಗ್ರತೆ ಮಾಡಿದವಳು ಮೂಗಿನ ಮೇಲಿನ ಕನ್ನಡಕಕ್ಕೆ ಇನ್ನೊಂದು ಜೊತೆ ಇಟ್ಟುಕೊಳ್ಳಲಿಲ್ಲ. ನನ್ನ ಕಣ್ಣಿನ ಪವರ್ ಮೈನಸ್ ಏಳು.

ಜೊತೆಗಿದ್ದವಳು ಶಮೀಮಾ, ಇಪ್ಪತ್ತಮೂರು ವರ್ಷ, ನಮ್ಮ ಕಟ್ಟಡದ ಮೂರನೇ ಮಹಡಿಯ ಜುಬೈದಾ ಆಂಟಿಯ ಮಗಳು. ಆಂಟಿಯ ಊರು ಉಳ್ಳಾಲ, ಮನೆಯಲ್ಲಿ ಬ್ಯಾರಿ ಮಾತು. ಶಮೀಮಾ ಹುಟ್ಟಿದ್ದು, ಓದಿದ್ದು ಎಲ್ಲ ದೋಹಾದಲ್ಲೇ. ಅವಳಿಗೆ ಇಟಲಿಯ ತ್ರಿಯೆಸ್ತೆಯಲ್ಲಿ ಕಡಲ ಜೀವಿಗಳ ಬಗ್ಗೆ ಎರಡು ವರ್ಷ ಓದಲು ಸೀಟು ಸಿಕ್ಕಿತ್ತು. ತಿಂಗಳ ಕೊನೆಯೊಳಗೆ ಒಪ್ಪಿಗೆ ಬರೆದು ಕಳಿಸಬೇಕು. ಮೆಸಯೀದ್‌ನ ಕಾರ್ಖಾನೆಯಲ್ಲಿರುವ ಅವಳ ತಂದೆ, ವಾರಕ್ಕೊಮ್ಮೆ ಮನೆಗೆ ಬರುವವರು, "ಉಮ್ಮ ಹೇಳಿದ್ದೇ ಫೈನಲ್" ಎಂದು ಜಾರಿಕೊಂಡಿದ್ದರು. ಉಮ್ಮ, ಎಂದರೆ ಆಂಟಿ, ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ.

"ಇವಳು ಒಬ್ಬಳೇ ರಸ್ತೆ ದಾಟಿದವಳಲ್ಲ ವಸುಧಾ," ಎಂದಿದ್ದರು ಆಂಟಿ, ನನಗೆ ಚಹಾ ಕೊಡುತ್ತ. "ಶಾಲೆಗೆ ನಾನೇ ಬಿಟ್ಟದ್ದು, ಕಾಲೇಜಿಗೂ ನಾನೇ ಬಿಟ್ಟದ್ದು. ಈಗ ಇಟಲಿಯಂತೆ. ನಿನ್ನ ಆ ಟೂರಿಗೆ ಇವಳನ್ನೂ ಕರ್ಕೊಂಡು ಹೋಗು. ಒಂದು ವಾರ ನೋಡು. ಬಂದು ನನಗೆ ಸತ್ಯ ಹೇಳ್ಬೇಕು, ಇವಳು ಒಬ್ಬಳೇ ಬದುಕ್ತಾಳಾ ಇಲ್ಲವಾ ಅಂತ."

ಹೀಗೆ ನನ್ನ ರಜೆ ಒಂದು ಪರೀಕ್ಷೆಯಾಯಿತು, ನಾನು ಪರೀಕ್ಷಕಿ. ಕ್ರೊಯೇಷಿಯಾದಿಂದ ಅಲ್ಬೇನಿಯಾದವರೆಗಿನ ಕರಾವಳಿಯ ಆ ಟೂರು ಹದಿನೆಂಟರಿಂದ ಮೂವತ್ತೈದು ವರ್ಷದವರಿಗೆ ಮಾತ್ರ. ನನಗೆ ಮೂವತ್ತನಾಲ್ಕು, ಬಾಗಿಲು ಮುಚ್ಚುವ ಮುನ್ನ ನುಗ್ಗಿದವಳು. ಎಂಟು ವರ್ಷದಲ್ಲಿ ಮೈಸೂರಿನ ಮದುವೆ, ನಾಮಕರಣಗಳಿಗೆ ಬಿಟ್ಟರೆ ರಜೆ ಹಾಕಿದವಳೇ ಅಲ್ಲ. ಈ ಸಲವಾದರೂ ಬೇರೆ ಒಂದು ಸಮುದ್ರವನ್ನು ಕಣ್ತುಂಬ ನೋಡಬೇಕು ಎಂಬ ಹಟವಿತ್ತು.

ಇಸ್ತಾಂಬುಲ್‌ನಲ್ಲಿ ವಿಮಾನ ಬದಲಿಸಿ ಶುಕ್ರವಾರ ಬೆಳಗ್ಗೆ ಕ್ರೊಯೇಷಿಯಾದ ದುಬ್ರೊವ್ನಿಕ್ ತಲುಪಿದೆವು. ದೋಹಾದಲ್ಲಿ ನಲವತ್ತನಾಲ್ಕು ಡಿಗ್ರಿ ಬಿಟ್ಟು ಬಂದವರಿಗೆ ಇಪ್ಪತ್ತಾರು ಡಿಗ್ರಿಯ ಗಾಳಿ ಹಬ್ಬದ ಹಾಗಿತ್ತು. ಒಟ್ಟು ಹತ್ತು ಜನರ ಗುಂಪು, ಒಂದು ಮಿನಿ ಬಸ್ಸು. ನಮ್ಮನ್ನು ನಡೆಸುವವಳು ಮಿಲೆನಾ, ಮಾಂಟೆನೆಗ್ರೊದವಳು, ದೊಡ್ಡ ನಗು, ಸಣ್ಣ ತಾಳ್ಮೆ. ಊರಿನ ಕೋಟೆಗೋಡೆಯ ಮೇಲೆ ನಡೆಯಲು ನಲವತ್ತು ಯೂರೊ ಟಿಕೆಟ್, ನಮ್ಮ ರಿಯಾಲಿನಲ್ಲಿ ನೂರೆಪ್ಪತ್ತರ ಹತ್ತಿರ. ಹೊಟ್ಟೆ ಉರಿದರೂ ಹತ್ತಿದೆ. ಕೆಳಗೆ ಕೆಂಪು ಹೆಂಚಿನ ಮಾಡುಗಳು, ಆಚೆಗೆ ಗಾಢ ನೀಲಿ ಸಮುದ್ರ. ಆ ಒಂದು ದಿನ ನಾನು ಎಲ್ಲವನ್ನೂ ಸರಿಯಾಗಿ ಕಂಡೆ.

ಅಂದೇ ಶಮೀಮಾಳ ಜೊತೆ ಜಗಳವೂ ಆಯಿತು. ಅವಳು ಗುಂಪಿನ ಐರಿಷ್ ಹುಡುಗಿ ಓರ್ಲಾ ಜೊತೆ ಐಸ್‌ಕ್ರೀಮ್ ತರಲು ಹೋಗಿ ಅರ್ಧ ಗಂಟೆ ಕಾಣಲಿಲ್ಲ. ನಾನು ನಾಲ್ಕು ಸಲ ಫೋನ್ ಮಾಡಿದೆ.

"ನೀವು ಉಮ್ಮನ ಸಿಸಿಟಿವಿ ಅಕ್ಕ," ಎಂದಳು ಬಂದವಳೇ. "ಎಲ್ಲ ರೆಕಾರ್ಡ್ ಮಾಡ್ತಾ ಇದ್ದೀರಿ. ಫೇಲ್ ಅಂತಲೂ ಬರ್ದಿಟ್ಟಿದ್ದೀರಾ?"

"ಬಾಯಿ ಜೋರು ಅಂತ ಬರೆದಿದ್ದೀನಿ ಕಣೆ," ಎಂದೆ. ಅವಳು ಸಂಜೆಯವರೆಗೆ ಓರ್ಲಾಳ ಪಕ್ಕದಲ್ಲೇ ನಡೆದಳು.

ಶನಿವಾರ ಗಡಿ ದಾಟಿ ಮಾಂಟೆನೆಗ್ರೊಗೆ ಬಂದೆವು. ಚೆಕ್‌ಪೋಸ್ಟಿನಲ್ಲಿ ಒಂದೂಕಾಲು ಗಂಟೆ ಸಾಲು. ನನ್ನ ಮೂರು ಪ್ರತಿಗಳನ್ನು ಯಾರೂ ಕೇಳಲಿಲ್ಲ, ಸ್ವಲ್ಪ ಬೇಸರವೇ ಆಯಿತು. ಕೋತೋರ್ ಕೊಲ್ಲಿಯ ದಂಡೆಯ ಪೆರಾಸ್ತ್ ಎಂಬಲ್ಲಿ ಐದು ಯೂರೊ ಕೊಟ್ಟು ನಡುಗಡ್ಡೆಗೆ ದೋಣಿ ಹತ್ತಿದೆವು. ನೀರು ಎಷ್ಟು ತಿಳಿಯಾಗಿದೆ ನೋಡೋಣ ಎಂದು ಬಗ್ಗಿದೆ. ಕನ್ನಡಕ ಮೂಗಿನಿಂದ ಜಾರಿ ಪುಳಕ್ ಎಂದು ಬಿತ್ತು. ನೀರು ನಿಜಕ್ಕೂ ತಿಳಿಯಾಗಿತ್ತಂತೆ, ಅದು ತಳಕ್ಕೆ ಇಳಿಯುವುದು ಬಹಳ ಹೊತ್ತು ಕಾಣುತ್ತಿತ್ತು ಎಂದು ಶಮೀಮಾ ಆಮೇಲೆ ಹೇಳಿದಳು. ನನಗಂತೂ ಅಷ್ಟರಲ್ಲಿ ಜಗತ್ತೆಲ್ಲ ಕಲಸಿದ ಬಣ್ಣವಾಗಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಕೋತೋರ್ ಊರು. ಮಿಲೆನಾ ಊರಬಾಗಿಲ ಹೊರಗಿನ ಕನ್ನಡಕದ ಅಂಗಡಿಯನ್ನು ಕೈಮಾಡಿ ತೋರಿಸಿ, ರೂಮುಗಳ ಕೀಲಿ ತರಲು ಓಡಿದಳು. ನಾನೂ ಶಮೀಮಾಳೂ ಅಲ್ಲೇ ನಿಂತು ಯೋಚಿಸಿದೆವು. ಹಸಿವು ಕೊಲ್ಲುತ್ತಿತ್ತು. ಗಲ್ಫಿನಲ್ಲಿ ಬದುಕಿದವರಿಗೆ ಶುಕ್ರವಾರ, ಶನಿವಾರ ರಜೆ. ಭಾನುವಾರ ಎಂದರೆ ಬೆಳಗ್ಗೆ ಏಳಕ್ಕೆ ಡೆಸ್ಕು, ಬ್ಯಾಂಕು, ಸರ್ಕಾರಿ ಕಚೇರಿ, ವಾರದ ಶುರು.

"ಇವತ್ತು ಶನಿವಾರ, ಸರಿಯಾದ ಡಾಕ್ಟರು ಇರ್ತಾರೋ ಇಲ್ಲವೋ," ಎಂದೆ.

"ನಾಳೆ ಫಸ್ಟ್ ವರ್ಕಿಂಗ್ ಡೇ ಅಲ್ವಾ ಅಕ್ಕ. ಬೆಳಗ್ಗೆ ಬೇಗ ಹೋಗುವಾ. ಯಲ್ಲಾ, ಊಟ," ಎಂದಳು ಗಲ್ಫಿನಲ್ಲೇ ಹುಟ್ಟಿ ಬೆಳೆದವಳು.

ಇಬ್ಬರೂ ಒಂದೇ ಮನಸ್ಸಿನಿಂದ ತಪ್ಪು ಮಾಡಿದೆವು. ಅವಳು ಸುಟ್ಟ ಮೀನು ತಿಂದಳು, ನಾನು ಚೀಸ್ ತುಂಬಿದ ಬುರೆಕ್ ಎಂಬ ಪದರದ ರೊಟ್ಟಿ ತಿಂದೆ. ಎರಡು ಗಂಟೆಗೆ ಆ ಅಂಗಡಿ ಬಾಗಿಲು ಹಾಕಿತು.

ಭಾನುವಾರ ಬೆಳಗ್ಗೆ ಉಳಿದವರೆಲ್ಲ ಬಿಸಿಲೇರುವ ಮೊದಲೇ ಬೆಟ್ಟದ ಮೇಲಿನ ಕೋಟೆಗೆ ಹೊರಟರು. ಶಮೀಮಾಗೂ ಅವರ ಜೊತೆ ಹೋಗುವ ಆಸೆ. ನನಗಾಗಿ ಉಳಿದಳು. ಒಂಬತ್ತಕ್ಕೆ ಅಂಗಡಿಯ ಮುಂದೆ ನಿಂತರೆ ಬೀಗ. ಪಕ್ಕದ ಬೇಕರಿಯವಳು ನಮ್ಮನ್ನು ನೋಡಿ ಮರುಗಿ, "ಸಂಡೇ," ಎಂದಳು, ಎಲ್ಲ ಮಕ್ಕಳಿಗೂ ತಿಳಿದಿರುವುದನ್ನು ಹೇಳುವಂತೆ. ಸೋಮವಾರ ಏಳೂವರೆಗೆ ನಮ್ಮ ಬಸ್ಸು ಅಲ್ಬೇನಿಯಾಗೆ ಹೊರಡುತ್ತಿತ್ತು. ವಿಷಯ ತಿಳಿಸಿದಾಗ ಮಿಲೆನಾ ಮುಂದಿನ ಊರುಗಳ ಪರಿಚಯದವರಿಗೆಲ್ಲ ಫೋನ್ ಮಾಡಿದಳು. ಕೋತೋರಿನ ಆ ಅಂಗಡಿಯಲ್ಲಾದರೆ ಗಾಜು ಸಿದ್ಧವಿರುತ್ತಿತ್ತಂತೆ, ಬೇರೆ ಕಡೆ ಮೈನಸ್ ಏಳರದ್ದು ತರಿಸಲು ಮೂರು ದಿನ ಬೇಕಂತೆ, ನಾವು ಯಾವ ಊರಿನಲ್ಲೂ ಮೂರು ದಿನ ನಿಲ್ಲುವವರಲ್ಲ. ಕಾಂಟ್ಯಾಕ್ಟ್ ಲೆನ್ಸ್ ನನ್ನ ಕಣ್ಣಿಗೆ ಆಗಿಬರುವುದಿಲ್ಲ. ಫೋನಿನ ಕ್ಯಾಮರಾವನ್ನು ಮೂಗಿಗೆ ಅಂಟಿಸಿಕೊಂಡು ನೋಡಿದೆ, ಹತ್ತು ನಿಮಿಷಕ್ಕೆ ತಲೆ ಸಿಡಿಯಿತು. ಬೀದಿಯ ಕಟ್ಟೆಯ ಮೇಲೆ ಕುಳಿತು ನಾನು ಅತ್ತುಬಿಟ್ಟೆ. ಇಷ್ಟು ವರ್ಷ ಕಾದು, ಇಷ್ಟು ಖರ್ಚು ಮಾಡಿ, ಕಡಲ ಎದುರು ಬಂದು ಕುರುಡಿಯಾದೆನಲ್ಲ ಎಂದು ಸಂಕಟ.

ಶಮೀಮಾ ಬೇಕರಿಯಿಂದ ಒಂದು ಬಾಟಲಿ ನೀರು ತಂದುಕೊಟ್ಟಳು. ಆಮೇಲೆ, "ಖಲಾಸ್ ಅಕ್ಕ, ಹೋದದ್ದು ಹೋಯ್ತು. ಏಳಿ, ಹತ್ತುವಾ," ಎಂದು ನನ್ನ ಮೊಣಕೈ ಹಿಡಿದಳು.

ಕೋಟೆಗೆ ಹದಿನೈದು ಯೂರೊ, ಸಾವಿರದ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. "ಎರಡು ಸಣ್ಣದು, ಒಂದು ದೊಡ್ಡದು, ಎಡಕ್ಕೆ ಒಡೆದಿದೆ," ಎನ್ನುತ್ತ ನನ್ನನ್ನು ಹತ್ತಿಸಿದಳು. ಮೊದಲು ಇಂಗ್ಲಿಷಿನಲ್ಲಿ ವರ್ಣಿಸುತ್ತಿದ್ದವಳಿಗೆ ನಾನೇ, "ಕನ್ನಡದಲ್ಲಿ ಹೇಳೇ, ಇಂಗ್ಲಿಷ್ ಕೇಳಿದರೆ ಆಫೀಸ್ ಮೀಟಿಂಗ್ ಥರ ಆಗುತ್ತೆ," ಎಂದೆ. ಅವಳ ಕನ್ನಡ ಅಷ್ಟಕ್ಕಷ್ಟೆ. ಒಂದೊಂದು ತಿರುವಿನಲ್ಲೂ ನಿಂತು ಪದ ಕೇಳುತ್ತಿದ್ದಳು. ದಾಳಿಂಬೆ, ಪಾಚಿ, ಗೋಪುರ ಎಲ್ಲ ನಾನು ಒದಗಿಸಿದೆ. ತುದಿ ಮುಟ್ಟಿದಾಗ ಇಬ್ಬರ ಬಟ್ಟೆಯೂ ಬೆವರಿನಿಂದ ತೊಯ್ದಿತ್ತು.

"ಏನು ಕಾಣ್ತಿದೆ ಹೇಳು."

"ನೀರು ಉಂಟು. ತುಂಬ ನೀರು."

"ಅಷ್ಟು ನನಗೂ ಗೊತ್ತು ಕಣೆ."

"ಇರಿ ಅಕ್ಕ, ಅವಸರ ಮಾಡ್ಬೇಡಿ." ಅವಳು ನನ್ನ ಎರಡೂ ಕೈ ಎಳೆದುಕೊಂಡು ಬೊಗಸೆ ಮಾಡಿದಳು. "ಬೆಟ್ಟ ಎರಡು ಸೈಡಿಂದ ಬಂದು ನೀರನ್ನು ಹೀಗೆ ಹಿಡ್ಕೊಂಡುಂಟು. ಇಲ್ಲಿ ಹೆಬ್ಬೆರಳ ಬುಡದಲ್ಲಿ ನಾವು. ಈ ಗೆರೆ ಉಂಟಲ್ಲ, ಅದು ರಸ್ತೆ. ಇಲ್ಲಿ ಕಿರುಬೆರಳ ಹತ್ರ ಒಂದು ಬಿಳಿ ಹಡಗು, ಟೂರಿಸ್ಟ್ ಹಡಗು, ನಮ್ಮ ಬಿಲ್ಡಿಂಗಿಗಿಂತ ದೊಡ್ಡದು. ನಿಮ್ಮ ಕನ್ನಡಕ ಇಲ್ಲಿ." ನನ್ನ ಅಂಗೈ ಮಧ್ಯೆ ಚಿವುಟಿದಳು. ಇಬ್ಬರೂ ನಕ್ಕೆವು. ನನಗೆ ಆ ಕೊಲ್ಲಿ ಕಂಡಿತು, ಸುಳ್ಳು ಹೇಳುವುದಿಲ್ಲ.

ಸೋಮವಾರ ಅಲ್ಬೇನಿಯಾದ ಶ್ಕೋದರ್, ಮಂಗಳವಾರ ಇಡೀ ದಿನ ದಕ್ಷಿಣಕ್ಕೆ ಪಯಣ. ಯೂರೊ ಬಿಟ್ಟು ಲೆಕ್ ಎಂಬ ನೋಟುಗಳ ಲೆಕ್ಕಕ್ಕೆ ಬಂದೆವು. ನೋಟುಗಳನ್ನೂ ಶಮೀಮಾಳೇ ಎಣಿಸುತ್ತಿದ್ದಳು, ಊಟದಲ್ಲಿ ಮಾಂಸವಿಲ್ಲ ತಾನೆ ಎಂದು ನನಗಾಗಿಯೂ ಹಲಾಲ್ ತಾನೆ ಎಂದು ತನಗಾಗಿಯೂ ಅವಳೇ ವಿಚಾರಿಸುತ್ತಿದ್ದಳು. ಸಮುದ್ರಕ್ಕೆ ಇಳಿಯುವ ಎತ್ತರದ ಘಾಟಿಯಲ್ಲಿ ಬಸ್ಸು ಗಿರಗಿರ ತಿರುಗಿತು. ಕಣ್ಣು ಕಾಣದ್ದರಿಂದ ನನಗೆ ಭಯವಾಗಲಿಲ್ಲ, ಕಂಡವರೆಲ್ಲ ದೇವರ ಹೆಸರು ಹೇಳುತ್ತಿದ್ದರು. ಸಂಜೆ ಹಿಮಾರ ಎಂಬ ಪುಟ್ಟ ಊರು. ಅವಳಿಗೆ ಇದು ಮನೆಯವರಿಲ್ಲದ ಮೊದಲ ರಜೆ, ಅದರಲ್ಲೂ ನನ್ನನ್ನು ಹೊತ್ತು ತಿರುಗಬೇಕಾಯಿತಲ್ಲ ಎಂಬುದು ಅಂದು ರಾತ್ರಿ ನನಗೆ ಚುಚ್ಚಿತು.

ಹಾಗಾಗಿ ಬುಧವಾರ ಎಲ್ಲರೂ ಕಯಾಕ್ ಎಂಬ ಸಪೂರ ದೋಣಿಗಳಲ್ಲಿ ಹೊರಟಾಗ, "ನೀನು ಹೋಗು. ಇದು ಸಿಸಿಟಿವಿಯ ಆರ್ಡರ್," ಎಂದೆ.

"ನೀವು ಒಬ್ಬರೇ ಎಂತ ಮಾಡ್ತೀರಿ?"

"ಕೂತಿರ್ತೀನಿ. ಸಮುದ್ರ ಎಲ್ಲೂ ಓಡಿಹೋಗಲ್ಲ."

ಅವಳು ನನ್ನನ್ನು ದಂಡೆಯ ಕಾಫಿ ಅಂಗಡಿಯ ಕೆಂಪು ಕೊಡೆಯ ಕೆಳಗೆ ಕೂರಿಸಿದಳು. ಟಾಯ್ಲೆಟ್ ಎಡಕ್ಕೆ ಇಪ್ಪತ್ತು ಹೆಜ್ಜೆ ಎಂದು ನಡೆಸಿ ತೋರಿಸಿದಳು. ಅಂಗಡಿಯ ಹೆಂಗಸು ದ್ರಿತಾಳಿಗೆ ನನ್ನನ್ನು ಒಪ್ಪಿಸಿ, ನೀರಿಗೆ ಬಿದ್ದೀತೆಂದು ತನ್ನ ಫೋನನ್ನು ನನ್ನ ಕೈಗಿಟ್ಟು ಹೋದಳು. ಹನ್ನೆರಡಕ್ಕೆ ವಾಪಸು ಎಂದಿದ್ದರು. ಹನ್ನೊಂದೂವರೆಗೆ ಗಾಳಿ ಎದ್ದಿತು. ತಲೆಯ ಮೇಲಿನ ಕೊಡೆ ಪಟಪಟ ಬಡಿಯತೊಡಗಿತು. ಹನ್ನೆರಡಾಯಿತು, ಹನ್ನೆರಡೂವರೆಯಾಯಿತು. ನನ್ನೆದುರು ಒಂದು ನೀಲಿ ಗೋಡೆ, ಅದರೊಳಗೆ ಏನಿದೆ ಏನಿಲ್ಲ ಒಂದೂ ತಿಳಿಯದು. ದ್ರಿತಾಳನ್ನು ಹತ್ತು ಸಲ ಕೇಳಿದೆ. "ನೋ ಬೋಟ್," ಎಂದಳು ಹತ್ತು ಸಲವೂ.

ಆಗಲೇ ಶಮೀಮಾಳ ಫೋನು ಹೊಡೆದುಕೊಂಡಿತು. ಆಂಟಿ.

"ಎಲ್ಲಿದ್ದಾಳೆ ಅವಳು?"

"ಇಲ್ಲೇ ಆಂಟಿ. ನೀರಿನಲ್ಲಿ ಆಡ್ತಾ ಇದ್ದಾಳೆ."

"ನಿನಗೆ ಕಾಣ್ತಾ ಇದ್ದಾಳಾ?"

"ಕಾಣ್ತಾ ಇದ್ದಾಳೆ," ಎಂದೆ. ಕನ್ನಡಕ ಕಳೆದದ್ದನ್ನು ಅವರಿಗೆ ಹೇಳಿರಲೇ ಇಲ್ಲ. ಫೋನಿಟ್ಟು ದ್ರಿತಾಳನ್ನು ಇನ್ನೊಮ್ಮೆ ಕೇಳಿದೆ. ಏನಾದರೂ ಹೆಚ್ಚುಕಡಿಮೆಯಾದರೆ ಆ ತಾಯಿಗೆ ಯಾವ ಮುಖ ತೋರಿಸಲಿ ಎಂದು ನನಗೆ ತಿಳಿದ ದೇವರನ್ನೆಲ್ಲ ಕರೆದೆ.

ಒಂದೂಕಾಲಕ್ಕೆ ಹಿಂದಿನಿಂದ, ಬೆಟ್ಟದ ಕಡೆಯಿಂದ, "ಅಕ್ಕ, ನಾನು," ಎಂಬ ದನಿ. ತಬ್ಬಿಕೊಂಡೆ, ಬೈದೆ, ಮತ್ತೆ ತಬ್ಬಿಕೊಂಡೆ. ಗಾಳಿ ಎದ್ದಾಗ ಕೆಲವರು ಹೇಗಾದರೂ ದಾಟಿಬಿಡೋಣ ಎಂದರಂತೆ. ಇವಳು ಅಲೆಯ ತುದಿ ಬಿಳಿಯಾಗುವುದನ್ನು ತೋರಿಸಿ, ನಾನಂತೂ ಬರುವುದಿಲ್ಲ ಎಂದು ಪಕ್ಕದ ಕೊಲ್ಲಿಯಲ್ಲೇ ದೋಣಿಯನ್ನು ದಡಕ್ಕೆ ಎಳೆದಳಂತೆ. ಮಿಲೆನಾ ಕೂಡ ಅದೇ ಸರಿ ಎಂದಳು. ಉಳಿದವರು ದೋಣಿ ಕಟ್ಟುತ್ತಿರುವಾಗ ಇವಳು ಓರ್ಲಾಳನ್ನು ಕರೆದುಕೊಂಡು, ನಾನು ಹೆದರಿರುತ್ತೇನೆಂದು, ಕಾಲುದಾರಿಯಲ್ಲಿ ಬೆಟ್ಟ ದಾಟಿ ಮುಂಚಿತವಾಗಿ ಬಂದಿದ್ದಳು. ಆಮೇಲೆ ಒಂದು ಗಂಟೆ ಕೂತು, ನೀರಿನ ಕೆಳಗೆ ಕಂಡ ಹುಲ್ಲುಗಾವಲು, ಅದರಲ್ಲಿ ಮೇಯುವ ಮೀನುಗಳನ್ನು ತನ್ನ ಅಷ್ಟಕ್ಕಷ್ಟೆ ಕನ್ನಡದಲ್ಲಿ ವರ್ಣಿಸಿದಳು. ಆ ಹುಲ್ಲಿನ ಬಗ್ಗೆಯೇ ತ್ರಿಯೆಸ್ತೆಯಲ್ಲಿ ಓದಬೇಕೆಂದಿದ್ದಾಳಂತೆ. ಇದನ್ನು ಮೊದಲು ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲಿಲ್ಲ ಎಂದಳು. ನಿಜವೇ, ನಾನು ಕೇಳಿರಲಿಲ್ಲ.

ಗುರುವಾರ ರಾಜಧಾನಿ ತಿರಾನಾ, ಶುಕ್ರವಾರ ವಿಮಾನ. ದೋಹಾ ತಲುಪಿದಾಗ ಸಂಜೆ ಏಳು. ಹೊರಗೆ ಕಾಲಿಟ್ಟೊಡನೆ ಸೆಕೆ ಮುಖಕ್ಕೆ ಬಡಿಯಿತು. ಜುಬೈದಾ ಆಂಟಿ ತಾವೇ ಕಾರು ತಂದಿದ್ದರು. ಮಗಳು ನನ್ನ ಮೊಣಕೈ ಹಿಡಿದು, "ಫುಟ್‌ಪಾತ್ ಮುಗೀತು, ಒಂದು ಮೆಟ್ಟಿಲು ಕೆಳಗೆ," ಎನ್ನುತ್ತ ಬರುವುದನ್ನು ಅವರು ನೋಡಿದರು. ನನ್ನ ಬರಿಮುಖವನ್ನೂ ನೋಡಿರಬೇಕು. ಸೂಟ್‌ಕೇಸ್‌ಗಳನ್ನು ಡಿಕ್ಕಿಗೆ ಎತ್ತಿಟ್ಟರು. ನಾನು ಮುಂದೆ ಕುಳಿತೆ, ಅವಳು ಹಿಂದೆ.

ಹೆದ್ದಾರಿ ಸೇರಿದ ಮೇಲೆ, "ಈಗ ಹೇಳು," ಎಂದರು.

ಹೇಳಿದೆ. ಕನ್ನಡಕ ಕಳೆದದ್ದು, ಭಾನುವಾರ, ಮೆಟ್ಟಿಲು, ಲೆಕ್ಕ, ಊಟ ಎಲ್ಲ. "ಬುಧವಾರ ನಿಮಗೆ ಸುಳ್ಳು ಹೇಳಿದೆ ಆಂಟಿ. ಅವಳು ನನಗೆ ಕಾಣ್ತಾ ಇರಲಿಲ್ಲ. ಗಾಳಿಗೆ ಸಿಕ್ಕಿದ್ದಳು, ಎಲ್ಲಿದ್ದಾಳೆ ಅಂತ ಒಂದು ಗಂಟೆ ನನಗೆ ಗೊತ್ತೇ ಇರಲಿಲ್ಲ. ದಡ ಸೇರಿದ್ದು ಅವಳ ಬುದ್ಧಿಯಿಂದ. ಈ ವಾರ ಅವಳನ್ನ ನಾನು ನೋಡ್ಕೊಂಡಿಲ್ಲ, ನನ್ನನ್ನ ಅವಳು ನೋಡ್ಕೊಂಡಿದ್ದಾಳೆ."

ಹಿಂದಿನಿಂದ, "ಅಕ್ಕ, ಸಾಕು," ಎಂದಳು ಶಮೀಮಾ ಮೆಲ್ಲಗೆ. ಅವಳ ಪರೀಕ್ಷೆ ನನ್ನ ಬಾಯಿಂದಲೇ ಕೆಟ್ಟಿತೇನೋ ಎಂದುಕೊಂಡೆ. ಅಲ್ ಸದ್ದ್ ಸಿಗ್ನಲ್ಲಿನಲ್ಲಿ ಕೆಂಪು ಮಬ್ಬು ಹಸಿರು ಮಬ್ಬಾಯಿತು. ಕಾರು ಕದಲಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು.

"ಆ ಇಟಲಿಯಲ್ಲಿ ಜನವರಿಗೆ ಚಳಿ ಎಷ್ಟು ಬರ್ತದೆ?" ಎಂದರು ಆಂಟಿ, ಗೇರ್ ಹಾಕುತ್ತ. "ಇವಳತ್ರ ಒಂದು ಸ್ವೆಟರ್ ಸಹ ಇಲ್ಲ."

ಹಿಂದಿನ ಸೀಟಿನಿಂದ ಒಂದು ಕೈ ಬಂದು ನನ್ನ ಭುಜವನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿಯಿತು, ಮನೆ ಬರುವವರೆಗೂ ಬಿಡಲಿಲ್ಲ.