ಕಾಕಾ ಅಂದರೆ ಚಿಕ್ಕಪ್ಪ

ರಾಯಚೂರಿನ ಅಕ್ಕಿ ಗಿರಣಿಯ ಸಾಹುಕಾರರು ನನ್ನ ಅಪ್ಪನಿಗೆ ಅಂದಿದ್ದರು: "ಲೇ ಯಲ್ಲಪ್ಪಾ, ಹಮಾಲನ ಮಗಳು ಡಾಕ್ಟರ್ ಆಗೋದು ಆಗೂ ಮಾತಲ್ಲ. ಆದ್ರ ನಿನ್ನ ಚೀಲ ನಾ ಹೊರ್ತೀನಿ ನೋಡು." ಆಯಿತು. ನಾನು ಡಾಕ್ಟರ್ ಆದೆ. ಗುಳಿಗೆ ಕೊಡುವ ಡಾಕ್ಟರಲ್ಲ, ಸಂಶೋಧನೆಯ ಡಾಕ್ಟರ್. ಆದರೆ ಹಾಗೆ ಆಗುವ ದಾರಿಯಲ್ಲಿ ನಾನು ನನ್ನ ಅಕ್ಕ ಹುಲಿಗೆಮ್ಮನ ಸ್ವಂತ ತಂದೆಯನ್ನು ಅವಳಿಗೆ ಚಿಕ್ಕಪ್ಪನನ್ನಾಗಿ ಮಾಡಿದೆ. ಗೊತ್ತಿದ್ದೂ ಮಾಡಿದೆ.

ಹುಲಿಗೆಮ್ಮ ನನ್ನ ಒಡಹುಟ್ಟಿದವಳಲ್ಲ, ಅಪ್ಪನ ತಮ್ಮನ ಮಗಳು. ಆದರೂ ಅಕ್ಕ ಎಂದರೆ ನನಗೆ ಅವಳೇ. ದೇವದುರ್ಗದಲ್ಲಿ ಎಲ್ಲರೂ ಒಂದೇ ಮನೆಯಲ್ಲಿದ್ದಾಗ ನನ್ನ ಅಣ್ಣಂದಿರು ಅವಳ ತಂದೆಯನ್ನು ಕಾಕಾ ಎಂದು ಕರೆಯುತ್ತಿದ್ದರು. ಕೇಳಿ ಕೇಳಿ ಅವಳೂ ಕಾಕಾ ಎಂದಳು. ನಮ್ಮ ಕಡೆ ಇದು ವಿಚಿತ್ರವಲ್ಲ. ಅಪ್ಪನನ್ನು ಅಣ್ಣ ಎನ್ನುವವರಿದ್ದಾರೆ, ಅವ್ವನನ್ನು ಅಕ್ಕ ಎನ್ನುವವರಿದ್ದಾರೆ.

ನನ್ನ ಸಂಶೋಧನೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನದು — ಅದು ಯಾವ ಮನೆತನಗಳಲ್ಲಿ ಹರಿದುಬರುತ್ತದೆ, ಯಾಕೆ ಬರುತ್ತದೆ ಎಂಬುದರದು. ಹೊಟ್ಟೆಯ ಹಿಂದೆ ಅಡಗಿ ಕೂತ ಸಣ್ಣ ಅಂಗ. ಅಲ್ಲಿ ಗಂಟು ಬೆಳೆದರೆ ತಿಳಿಯುವುದೇ ತಡ. ಎಷ್ಟೋ ಜನರಲ್ಲಿ ಮೊದಲು ಕಾಣುವುದು ಹಳದಿ ಕಣ್ಣು. ಹಾಗಾಗಿ ನಮ್ಮ ಮಂದಿ ಅದಕ್ಕೆ ಬೇರೆ ಹೆಸರಿಟ್ಟಿಲ್ಲ. ಕಾಮಣಿ ಆಗಿ ಹೋದ ಎನ್ನುತ್ತಾರೆ, ಅಷ್ಟೇ. ನಾನು ಪಿಯುಸಿ ಓದುವಾಗ ನನ್ನ ಅಪ್ಪನೂ ಕಾಮಣಿ ಆಗಿಯೇ ಹೋದ. ಕೆಲವು ವರ್ಷ ಬಿಟ್ಟು ಕಾಕಾನ ಕಣ್ಣೂ ಹಳದಿಯಾಯಿತು. ಅವನನ್ನು ದೊಡ್ಡ ದವಾಖಾನೆಗೆ ಒಯ್ದದ್ದರಿಂದ ರೋಗದ ನಿಜ ಹೆಸರು ಗೊತ್ತಾಯಿತು.

ನಮ್ಮ ಕೆಲಸದಲ್ಲಿ ಮನೆತನದ ಚಿತ್ರ ಬರೆಯುತ್ತೇವೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರೋಗ ಖಚಿತವಾದವರಿಗೆ ಕಪ್ಪು; ಬರೀ ಕಾಮಾಲೆ ಎಂದರೆ ಕಪ್ಪಿಲ್ಲ. ತಂದೆ, ತಾಯಿ, ಒಡಹುಟ್ಟಿದವರು — ಇವರಲ್ಲಿ ಯಾರಾದರೂ ಕಪ್ಪಾಗಿದ್ದರೆ ರಕ್ತ ತೆಗೆದು ಜೀನ್ ಪರೀಕ್ಷೆ ಮಾಡಬೇಕು. ಬರೀ ಚಿಕ್ಕಪ್ಪನಿಗೆ ಬಂದಿದ್ದರೆ ಬೇಡ. ಅದು ನಮ್ಮ ಅಧ್ಯಯನದ ನಿಯಮ.

ಮಾನ್ವಿಯಲ್ಲಿ ಹುಲಿಗೆಮ್ಮ ಅಂಗನವಾಡಿ ಟೀಚರ್. ನಮ್ಮ ಕೆಲಸಕ್ಕೆಂದು ಓಣಿಯ ಹೆಂಗಸರನ್ನೆಲ್ಲ ಕೂಡಿಸಿದವಳು ಅವಳೇ. ಕೊನೆಗೆ ತಾನೂ ಬಂದು ಕೂತಳು. ಪ್ರಶ್ನೆ ಕೇಳುತ್ತಿದ್ದವಳು ಮೈಸೂರು ಕಡೆಯ ನನ್ನ ಸಹೋದ್ಯೋಗಿ ಸುಮಾ. ಹುಲಿಗೆಮ್ಮ ನಮ್ಮ ಊರ ಕಡೆಯವಳು ಎಂದಷ್ಟೇ ಅವಳಿಗೆ ಹೇಳಿದ್ದೆ.

"ನಿಮ್ಮ ಮನೇಲಿ ಯಾರಿಗಾದ್ರೂ ಈ ಕಾಯಿಲೆ ಬಂದಿತ್ತಾ?"

"ನಮ್ಮ ಕಾಕಾಗ ಆಗಿತ್ರೀ. ಭಾಳ ಒದ್ದಾಡಿ ಹೋದ. ತಡೀರಿ ಮೇಡಮ್ಮೋರ, ಚಾ ಉಕ್ಕಾಕತ್ತದ, ಇಳಿಸಿ ಬಂದೆ." ಒಳಗೆ ಓಡಿದಳು.

ಸುಮಾ ನನ್ನ ಕಡೆ ತಿರುಗಿದಳು. "ಕಾಕಾ ಅಂದ್ರೆ ಚಿಕ್ಕಪ್ಪ, ಅಲ್ವಾ?"

"ಹೌದು" ಎಂದೆ.

"ಮತ್ತೆ ಇವರ ತಂದೆ?"

"ತೀರ್ಕೊಂಡಿದಾರೆ. ಕಾಮಾಲೆ ಆಗಿ."

ಕಾಕಾ ಅಂದರೆ ಚಿಕ್ಕಪ್ಪ — ನಿಜ. ಅವಳ ತಂದೆಗೆ ಕಾಮಾಲೆ ಆಗಿತ್ತು — ಅದೂ ನಿಜ. ಎರಡು ನಿಜ ಕೂಡಿಸಿ ನಾನೊಂದು ಸುಳ್ಳು ಕಟ್ಟಿದೆ. ಒಬ್ಬನೇ ಮನುಷ್ಯ ಇಬ್ಬರಾದ.

ಚಹಾ ತಂದವಳು ಸೀರೆಯ ಸೆರಗು ಸರಿಸಿ ನನ್ನ ಕಡೆ ತೋಳು ಚಾಚಿದಳು. "ಏ ಸಾವಿ, ನನ್ನ ರಕ್ತ ಹೀರಂಗಿಲ್ಲೇನಬೇ? ಅಷ್ಟ್ ಮಂದೀದು ಹೀರಿದಿ."

"ನಿನಗ ಬೇಕಾಗಿಲ್ಲಕ್ಕ."

"ಛಲೋ ಆತು ಯವ್ವಾ. ಸೂಜಿ ಕಂಡ್ರ ನನಗ ಜೀವಾನ ಹೋಗ್ತದ." ನಕ್ಕಳು. ನಾನೂ ನಕ್ಕೆ. ಆ ನಗು —

ಯಾಕೆ ಮಾಡಿದೆ? ಹಲವು ಕಾರಣ ಹೇಳಿಕೊಂಡಿದ್ದೇನೆ. ಸಂಶೋಧಕಿಯ ಮನೆಯೇ ಅಧ್ಯಯನದೊಳಗೆ ಬಂದರೆ ಕೆಲಸ ಇನ್ನೊಬ್ಬರಿಗೆ ಹೋಗುತ್ತದೆ, ಪದವಿ ತಡವಾಗುತ್ತದೆ, ನಮ್ಮಂಥವರಿಗೆ ತಡವಾಯಿತೆಂದರೆ ಮುಗಿದೇ ಹೋಯಿತು. ಎಲ್ಲ ಹೌದು. ಆದರೆ ನಿಜವಾದದ್ದು ಇದು: ಅವಳ ಚಿತ್ರ ಸರಿಯಾಗಿ ಬರೆದಿದ್ದರೆ ಕಾಕಾನ ಕಪ್ಪು ಚೌಕದ ಪಕ್ಕದಲ್ಲಿ ನನ್ನ ಅಪ್ಪನ ಚೌಕ ಬರುತ್ತಿತ್ತು. ಅದರ ಕೆಳಗೆ ಒಂದು ವೃತ್ತ. ಅದು ನಾನು. ಸೂಜಿ ಹಿಡಿಯುವ ಕಡೆ ಕೂರಲು ನಾನು ಬಹಳ ದೂರದಿಂದ ಬಂದಿದ್ದೆ. ತೋಳು ಚಾಚುವ ಕಡೆಗೆ ಹೋಗಲು ಮನಸ್ಸಾಗಲಿಲ್ಲ.

ಪದವಿ ಬಂತು. ರಾಯಚೂರಿನ ನಮ್ಮ ಓಣಿಯಲ್ಲಿ ಹಾರ ಹಾಕಿದರು. ಆಮೇಲೆ ಒಂದು ಮಧ್ಯಾಹ್ನ ಹುಲಿಗೆಮ್ಮ ಫೋನ್ ಮಾಡಿ, ಅದೂ ಇದೂ ಮಾತಾಡುತ್ತ, "ಯಾಕೋ ಬೆನ್ನು ಹಿಡದದ ಸಾವಿ" ಎಂದಳು. ಆ ಗಂಟು ಕೆಲವರಲ್ಲಿ ಬೆನ್ನುನೋವಾಗಿಯೂ ಕಾಣಿಸಿಕೊಳ್ಳುತ್ತದೆ. ಆದರೆ ಮಕ್ಕಳನ್ನು ಎತ್ತಿಕೊಂಡು ಹಿಡಿದಿರಬಹುದು. ಹಾಗೆಂದು ನನಗೆ ಹೇಳಿಕೊಳ್ಳಲು ನೋಡಿದೆ. ಆಗಲಿಲ್ಲ. ಆ ವಾರ ನನ್ನದೇ ರಕ್ತ ಪರೀಕ್ಷೆಗೆ ಕೊಟ್ಟೆ.

ಪರದೆಯ ಮೇಲೆ ಅದನ್ನು ನೋಡಿದ ಗಳಿಗೆಯನ್ನು ಹೇಗೆ ಬರೆಯಲಿ? ಮನುಷ್ಯನ ಮೈಯೊಳಗೆ ಮುನ್ನೂರು ಕೋಟಿ ಅಕ್ಷರಗಳ ಬರಹವಿದೆ. ಅದು ದಿನವೂ ಅಲ್ಲಲ್ಲಿ ಹರಿಯುತ್ತದೆ. ಹರಿದದ್ದನ್ನು ಕೂಡಿಸುವ ಜೀನ್‌ಗಳಿವೆ. ಅಂಥ ಒಂದು ಜೀನಿನಲ್ಲಿ ನನಗೆ ಎರಡು ಅಕ್ಷರ ಇಲ್ಲ. ಎರಡೇ! ಹೆದರಿದೆ, ಸುಳ್ಳೇಕೆ. ಆದರೆ ಹೆದರಿಕೆಗಿಂತ ಮುಂಚೆ ಬಂದದ್ದು ಬೆರಗು. ಹೆಬ್ಬೆಟ್ಟು ಒತ್ತುತ್ತಿದ್ದ ನನ್ನ ಅಪ್ಪ, ತನ್ನ ಹೆಸರನ್ನೂ ಬರೆಯದೆ ಹೋದ ಅಪ್ಪ, ಬಿಟ್ಟುಹೋದ ಎರಡು ಅಕ್ಷರವನ್ನು ಬಿಟ್ಟ ಹಾಗೆಯೇ ನಕಲು ಮಾಡಿ ನನ್ನ ಮೈತುಂಬ ಇಟ್ಟು ಹೋಗಿದ್ದ! ಅವನಿಗೆ ಕೊಟ್ಟವರು ಯಾರು — ಅವನ ಅವ್ವನೋ, ಅಪ್ಪನೋ? ಅವರಿಗೆ? ನಮ್ಮವರು ಕೃಷ್ಣೆಯ ದಂಡೆಗೆ ಬಂದು ನೆಲೆಸುವ ಮೊದಲೇ ಯಾವುದೋ ಬಸಿರಿನಲ್ಲಿ ಆ ಎರಡು ಅಕ್ಷರ ಉದುರಿರಬಹುದು. ಅಲ್ಲಿಂದ ಇಲ್ಲಿಯವರೆಗೆ, ಹಸಿವು ದಾಟಿ, ಪ್ಲೇಗು ದಾಟಿ, ನಿಜಾಮರ ಕಾಲ ದಾಟಿ, ಓದಲು ಬಾರದ ಇಷ್ಟೊಂದು ಜನ ಇದನ್ನು ಒಂದು ಚೂರೂ ಕೆಡಿಸದೆ ಕೈಯಿಂದ ಕೈಗೆ ದಾಟಿಸಿದ್ದರು. ಆ ಬರಹವನ್ನು ಸುಳ್ಳಾಗಿ ಬರೆದವಳು ನಮ್ಮ ವಂಶದಲ್ಲಿ ಅದನ್ನು ಓದಲು ಕಲಿತ ಮೊದಲನೆಯವಳು.

ಈ ದೋಷ ಇದ್ದ ಮಾತ್ರಕ್ಕೆ ರೋಗ ಬಂದೇ ಬರುತ್ತದೆ ಎಂದಲ್ಲ. ಬರಬಹುದು, ಬರದೆಯೂ ಹೋಗಬಹುದು. ಆದರೆ ಗೊತ್ತಿದ್ದವರು ವರ್ಷ ವರ್ಷ ಸ್ಕ್ಯಾನ್ ಮಾಡಿಸಿ ಒಳಗೆ ನೋಡಿಸಿಕೊಳ್ಳುತ್ತಾರೆ. ಹುಲಿಗೆಮ್ಮನಿಂದ ನಾನು ಕಸಿದದ್ದು ಅದನ್ನು.

ಮಾನ್ವಿಗೆ ಹೋಗಿ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರದ ಮೇಲೆ ಕೈ ನಿಂತಿತು.

"ಚಾ ಇಳಿಸಾಕ ಹೋಗಿದ್ದೆ, ಹೌದಲ್ಲ?" ಎಂದಳು. "ಅಷ್ಟರಾಗ ನಮ್ಮ ಕಾಕಾನ್ನ ಕೊಟ್ಟು ಬಿಟ್ಟಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಮರುದಿನ ರಾಯಚೂರಿಗೆ ಬಂದು, ಮುಖ ಆ ಕಡೆ ತಿರುಗಿಸಿ, ತೋಳು ಚಾಚಿದಳು. ಅವಳಲ್ಲೂ ಅದೇ ಎರಡು ಅಕ್ಷರ ಇಲ್ಲ. ಬೆನ್ನುನೋವು ಬರೀ ಬೆನ್ನುನೋವು ಎಂದರು ವೈದ್ಯರು. ಆದರೆ ಸ್ಕ್ಯಾನಿನಲ್ಲಿ ಗ್ರಂಥಿಯ ಬಾಲದ ಕಡೆ ಒಂದು ಸಣ್ಣ ಗುಳ್ಳೆ ಕಂಡಿದೆ. ಸದ್ಯಕ್ಕೆ ಕೆಟ್ಟದ್ದಲ್ಲ, ಕಾದು ನೋಡಬೇಕಂತೆ. ಅಂದೇ ನೋಡಿದ್ದರೆ ಅದು ಅಲ್ಲಿತ್ತೋ ಇಲ್ಲವೋ — ಇನ್ನು ಯಾರಿಗೂ ತಿಳಿಯುವುದಿಲ್ಲ. ಆ ತಿಳಿಯದಿರುವುದು ನನ್ನ ಪಾಲಿನದು.

ಮಾರ್ಗದರ್ಶಕರಿಗೂ ಸುಮಾಳಿಗೂ ನಡೆದದ್ದನ್ನೆಲ್ಲ ಹೇಳಿದ್ದೇನೆ. ಚಿತ್ರ ತಿದ್ದಿದ್ದಾರೆ. ನನ್ನ ಪದವಿಯ ಬಗ್ಗೆ ಏನು ತೀರ್ಮಾನಿಸುತ್ತಾರೋ, ಅದಕ್ಕೆ ತಲೆಬಾಗುತ್ತೇನೆ.

ಹೋದ ವಾರ ಆ ಪದವಿ ಪ್ರಮಾಣಪತ್ರವನ್ನು ಒಯ್ದು ಹುಲಿಗೆಮ್ಮನ ಕೈಗೆ ಕೊಟ್ಟೆ. ಇಟ್ಟುಕೊಳ್ಳಲು ನನಗೆ ಯೋಗ್ಯತೆ ಇಲ್ಲ ಎಂದೋ ಏನೋ ಅಂದೆ. ಅವಳು ನನ್ನ ಹೆಸರನ್ನು ಬೆರಳಿಟ್ಟು ಓದಿದಳು. ಆಮೇಲೆ ವಾಪಸು ಕೊಟ್ಟಳು.

"ಇದನ್ನ ತಗೊಂಡು ನಾ ಏನ್ ಮಾಡ್ಲಿಬೇ? ದೇವದುರ್ಗಕ್ಕ ಒಯ್ಯಿ. ಅಲ್ಲಿ ನಮ್ಮವ್ರು ಇಪ್ಪತ್ತು ಮಂದಿ ಅದಾರ, ಡಾಕ್ಟರ್ ಅಂತ ಕಾಗದ ನೋಡಿದ್ರನ ತೋಳು ಕೊಡ್ತಾರ. ಆದ್ರ ಮೊದ್ಲ ನೀ ಮಾಡಿದ್ದು ಹೇಳು. ಆಮ್ಯಾಗ ಕಾಗದ ತೋರ್ಸು."