ಸ್ಟ್ರಾ ಕಂಬಗಳ ಸಂಸತ್ತು

ಪಾರ್ಲಿಮೆಂಟಿನ ಕಂಬಗಳನ್ನು ನೆಟ್ಟಗೆ ನಿಲ್ಲಿಸಿಕೊಟ್ಟವರು ನಮ್ಮವರು, ಅಂದರೆ ನನ್ನ ಗಂಡ. ನನ್ನ ಕೈಯಲ್ಲಿ ಅವು ವಾಲುತ್ತಿದ್ದವು. ಅವರು ಅಬುಧಾಬಿ ಹತ್ತಿರದ ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಏನನ್ನು ನಿಲ್ಲಿಸಿದರೂ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡುವ ಅಭ್ಯಾಸ. ಊಟದ ಮೇಜಿನ ಮೇಲೆ ದುಂಡು ಪ್ಲೈವುಡ್ ಹಲಗೆ, ಅದರ ಅಂಚಿಗೆ ಕಾಗದದ ಸ್ಟ್ರಾಗಳ ಸಾಲು. ಒಂದೊಂದಕ್ಕೂ ಗಮ್ ಹಚ್ಚಿ, ಒಣಗುವವರೆಗೆ ಎರಡು ಬೆರಳಲ್ಲಿ ಹಿಡಿದು ಕೂತಿರುತ್ತಿದ್ದರು.

"ಇಷ್ಟು ಕಂಬ ಎಂತಕ್ಕೆ ಮಾರಾಯ್ತಿ? ನಾಲ್ಕು ಸಾಲದಾ?" ಎಂದು ತಮಾಷೆ ಮಾಡುತ್ತಿದ್ದರು.

ಆ ಕಟ್ಟಡ ನನ್ನ ಶನಿವಾರದ ಕನ್ನಡ ತರಗತಿಯ ಮಕ್ಕಳದು. ಮನೆಯಲ್ಲಿ ನಮ್ಮದು ಕೊಂಕಣಿ. ಆದರೆ ನಾನು ಓದಿದ್ದು ಸಿಸ್ಟರುಗಳ ಕನ್ನಡ ಶಾಲೆಯಲ್ಲಿ, ಹಾಗಾಗಿ ಅಕ್ಷರ ಎಂದರೆ ನನಗೆ ಕನ್ನಡವೇ. ಅಬುಧಾಬಿಯ ನಮ್ಮ ಊರವರ ಸಂಘಕ್ಕೆ ಒಂದು ರೆಸ್ಟೋರೆಂಟಿನ ಮಹಡಿಯಲ್ಲಿ ಕೋಣೆ ಸಿಕ್ಕಿತ್ತು. ಕೆಳಗಿಂದ ಈರುಳ್ಳಿ ಹುರಿಯುವ ಪರಿಮಳ ಬರುತ್ತಿದ್ದರೆ ಮೇಲೆ ಮಕ್ಕಳು "ಅ, ಆ" ಬರೆಯುತ್ತಿದ್ದರು. ಮನೆಯ ಹೊರಗೆ ನನಗೆ ಇದ್ದದ್ದು ಅದೊಂದೇ ಕೆಲಸ. ಸಂಬಳ ಇಲ್ಲದ್ದು, ಆದರೆ ನನ್ನದು.

ಆ ವರ್ಷ ಒಬ್ಬರು ಸಿನಿಮಾ ಡ್ಯಾನ್ಸ್ ಕಲಿಸುವ ಟೀಚರ್ ಅದೇ ಕೋಣೆಯನ್ನು ಅದೇ ಶನಿವಾರ ಬೆಳಿಗ್ಗೆಗೆ ಕೇಳಿದರು. ಸಂಘದ ಅಧ್ಯಕ್ಷರನ್ನು ನಾವೆಲ್ಲ ಅಣ್ಣ ಎಂದೇ ಕರೆಯುವುದು. ಅಣ್ಣ ನನಗೆ ಫೋನ್ ಮಾಡಿ, "ನೀವು ಹೆದರ್ಬೇಡಿ ಟೀಚರ್‌ಬಾಯಿ. ವಾರ್ಷಿಕೋತ್ಸವದ ದಿನ ಜನರಲ್ ಬಾಡಿಯಲ್ಲಿ ಕೈ ಎತ್ತಿಸುವ. ಜಾಸ್ತಿ ಕೈ ಯಾವುದಕ್ಕೋ ಕೋಣೆ ಅದಕ್ಕೆ. ನಮ್ಮದು ಡೆಮಾಕ್ರಸಿ ಅಲ್ವಾ?" ಎಂದರು. ನಮ್ಮವರು ಸಮಿತಿಯಲ್ಲಿ ಜೊತೆ ಕಾರ್ಯದರ್ಶಿ. ಅವರೇ ಒಂದು ಉಪಾಯ ಹೇಳಿದರು: "ಅದೇ ದಿನ ಸ್ಟೇಜಿನಲ್ಲಿ ನಿನ್ನ ಮಕ್ಕಳಿಂದ ಒಂದು ಪಾರ್ಲಿಮೆಂಟ್ ಮಾಡಿಸು. ಕನ್ನಡದಲ್ಲಿ ಮಾತಾಡ್ಲಿ. ನೋಡಿದವರಿಗೆ ಮನಸ್ಸಾಗ್ತದೆ."

ಹಾಗೆ ಶುರುವಾಯಿತು. ಮೊದಲ ಜಗಳವೇ ಯಾವ ಕಟ್ಟಡ ಎಂಬುದರ ಮೇಲೆ. ಹೊಸದು ತ್ರಿಕೋನ, ಹಳೆಯದು ದುಂಡು. ಈ ಮಕ್ಕಳು ಎರಡನ್ನೂ ಫೋನಿನಲ್ಲಿ ಮಾತ್ರ ಕಂಡವರು. ನಾನಾದರೂ ಹಳೆಯದನ್ನು ನೋಡಿದ್ದು ಒಂದೇ ಸಲ, ಮದುವೆಯಾದ ಹೊಸತರಲ್ಲಿ ವೀಸಾದ ಕಾಗದಪತ್ರಕ್ಕೆ ದೆಹಲಿಗೆ ಹೋದಾಗ, ಓಡುವ ಆಟೋದಿಂದ. ಇಲ್ಲಿ ನಿಲ್ಲಿಸುವ ಹಾಗಿಲ್ಲ ಎಂದುಬಿಟ್ಟ ಆಟೋದವನು. ಕಂಬಗಳು ಒಂದರ ಹಿಂದೆ ಒಂದು ಸರಿದು ಹೋದವು, ಅಷ್ಟೆ.

ಆದರೆ ಆ ದುಂಡು ಕಟ್ಟಡ ನನಗೆ ಏಳನೇ ಕ್ಲಾಸಿನಿಂದಲೇ ಗೊತ್ತು. ಸಮಾಜ ಪಾಠದ ಸಿಸ್ಟರ್ ಬೋರ್ಡಿನಲ್ಲಿ ಒಂದೇ ಎಳೆತದಲ್ಲಿ ವೃತ್ತ ಬರೆಯುತ್ತಿದ್ದರು. ಅವರು ಸಣ್ಣವರಿದ್ದಾಗ ದೇಶಕ್ಕೆ ಮೊದಲ ಚುನಾವಣೆ ಬಂತಂತೆ. ಅಕ್ಷರ ಬಾರದ ಅವರ ಅಜ್ಜಿ ಇಗರ್ಜಿಗೆ ಹೋಗುವ ಸೀರೆ ಉಟ್ಟು, ಚಿತ್ರ ಅಂಟಿಸಿದ ಪೆಟ್ಟಿಗೆಗಳ ಮುಂದೆ ನಿಂತು, ಯಾವುದಕ್ಕೆ ಹಾಕಿದೆ ಎಂದು ಅಜ್ಜನಿಗೂ ಹೇಳಲಿಲ್ಲವಂತೆ. "ಆ ಅಜ್ಜಿಯ ಚೀಟಿ ಹೋಗಿ ಕೂತದ್ದು ಇಲ್ಲಿ," ಎಂದು ಸಿಸ್ಟರ್ ವೃತ್ತದ ನಡುವೆ ಚಾಕ್‌ಪೀಸಿನಿಂದ ಕುಟ್ಟುತ್ತಿದ್ದರು. "ರಾಜರು ಅರಮನೆಯಲ್ಲಿ ಮೊದಲೇ ತೀರ್ಮಾನ ಮಾಡಿ ಆಮೇಲೆ ಡಂಗುರ ಹೊಡೆಸ್ತಿದ್ರು. ಇಲ್ಲಿ ಮಾತು ಮೊದಲು, ತೀರ್ಮಾನ ಆಮೇಲೆ. ಅದಕ್ಕೇ ಇಷ್ಟು ಕುರ್ಚಿ."

ಇದನ್ನೇ ನಾನು ನನ್ನ ಮಕ್ಕಳಿಗೆ ಹೇಳಿದೆ. ಮಕ್ಕಳು ಕೈ ಎತ್ತಿದರು, ದುಂಡು ಕಟ್ಟಡ ಗೆದ್ದಿತು. ತ್ರಿಕೋನದ ಕಡೆಯ ಹುಡುಗಿ ಮುಖ ಊದಿಸಿಕೊಂಡು, "ಆಂಟಿ, ನೆಕ್ಸ್ಟ್ ಇಯರ್ ಪುನಃ ಕೇಳ್ಬಹುದಾ?" ಎಂದಳು. ಕೇಳಬಹುದು, ಸೋತವರಿಗೆ ಕೇಳಲಿಕ್ಕೇ ಆ ಕಟ್ಟಡದಲ್ಲಿ ಜಾಗ ಇಟ್ಟಿದ್ದಾರೆ ಎಂದೆ.

ಪಿಸ್ತಾ ತಿಂದು ಸಿಪ್ಪೆಗಳನ್ನು ಸಭೆಯ ಕುರ್ಚಿ ಮಾಡಿದೆವು. ಲೋಕಸಭೆಗೆ ಹಸಿರು ಫೆಲ್ಟ್, ರಾಜ್ಯಸಭೆಗೆ ಕೆಂಪು. ಗೋಡೆಯ ಬಣ್ಣಕ್ಕೆ ಬಿಳಿ ಪೇಂಟಿಗೆ ಕಾಫಿ ಡಿಕಾಕ್ಷನ್ ಬೆರೆಸಿದೆ. ಮಣ್ಣಿನ ಬಣ್ಣ ಸರಿಯಾಗಿ ಬಂತು, ಹತ್ತಿರ ಹೋದರೆ ಕಾಫಿಯ ವಾಸನೆ. ಮಕ್ಕಳ ಮಸೂದೆ, ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಆಡಲು ಬಿಡಬೇಕು ಎಂದು. ನಮ್ಮ ಹತ್ತು ವರ್ಷದ ಮಗಳು ವಿರೋಧ ಪಕ್ಷ. ಕಾರಿನ ಗಾಜು ಒಡೆದರೆ ಯಾರು ಹೊಣೆ ಎಂಬ ಅವಳ ಪ್ರಶ್ನೆಗೆ ಆಡಳಿತ ಪಕ್ಷ ಯಾವ ರಿಹರ್ಸಲಿನಲ್ಲೂ ಸರಿಯಾಗಿ ಉತ್ತರಿಸಲಿಲ್ಲ. ಮಾತಾಡಬೇಕಾದರೆ ಕೈ ಎತ್ತಬೇಕು, ಸ್ಪೀಕರ್ ಹೆಸರು ಹಿಡಿದು ಕರೆಯುವವರೆಗೆ ಇಳಿಸಬಾರದು. ಆ ನಿಯಮ ಎಲ್ಲರಿಗೂ ರಕ್ತಕ್ಕೆ ಇಳಿದಿತ್ತು.

ವಾರ್ಷಿಕೋತ್ಸವ ಭಾನುವಾರ ಮಧ್ಯಾಹ್ನ, ದುಬೈಯ ಒಂದು ಹಾಲ್‌ನಲ್ಲಿ. ಹಿಂದಿನ ಸೀಟಿನಲ್ಲಿ ಮಗಳು ಸಂಸತ್ತನ್ನು ತೊಡೆಯ ಮೇಲೆ ಇಟ್ಟುಕೊಂಡು ಅಷ್ಟೂ ದಾರಿ ಅಲುಗಾಡದೆ ಕೂತಳು. ಮಕ್ಕಳ ಅಧಿವೇಶನ ಚೆನ್ನಾಗಿಯೇ ಆಯಿತು. ಕಾರಿನ ಗಾಜಿನ ಮಾತಿಗೆ ಗಂಡಸರೆಲ್ಲ ನಕ್ಕರು. ನನಗೆ ಗೆದ್ದ ಹಾಗೆಯೇ ಅನ್ನಿಸಿತ್ತು.

ಆಮೇಲೆ ಅಣ್ಣ ಮೈಕ್ ಹಿಡಿದರು. ಊಟದ ಪಾತ್ರೆಗಳ ಮುಚ್ಚಳಗಳು ಆಗಲೇ ತೆರೆದಿದ್ದವು, ಅರ್ಧ ಜನ ತಟ್ಟೆ ಹಿಡಿದು ನಿಂತಿದ್ದರು. "ಸಮಯ ಆಯ್ತು, ಎಲ್ಲರಿಗೂ ಹಸಿವೆ. ಕೋಣೆಯ ವಿಷಯ ಸಮಿತಿ ಮೊದಲೇ ಕೂತು ಮಾತಾಡಿದೆ. ಮುಂದಿನ ತಿಂಗಳಿಂದ ಶನಿವಾರ ಡ್ಯಾನ್ಸ್ ಕ್ಲಾಸ್. ನಮ್ಮ ಕನ್ನಡ ಟೀಚರ್‌ಬಾಯಿಗೆ ಒಂದು ಶಾಲು ಹೊದಿಸುವ. ಎಲ್ಲರ ಒಪ್ಪಿಗೆ ಉಂಟಲ್ಲ?"

ನನಗೆ ಕೇಳಿದ್ದು ಸರಿಯಾ ಎಂದು ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಮುಖ ನೋಡಿದೆ. ಅವಳು ನನಗಿಂತ ಜಾಸ್ತಿ ಆಶ್ಚರ್ಯಪಟ್ಟಳು. "ಅಯ್ಯೋ, ನಿಮಗೆ ಗೊತ್ತಿಲ್ವಾ ಅಕ್ಕ? ನನ್ನ ಮಗಳನ್ನು ಡ್ಯಾನ್ಸಿಗೆ ಸೇರಿಸಿ ಎಷ್ಟೋ ದಿನ ಆಯ್ತು. ಆ ಟೀಚರಿಗೆ ಕೋಣೆ ತೋರಿಸ್ಲಿಕ್ಕೆ ನಿಮ್ಮ ಯಜಮಾನರೇ ಬಂದಿದ್ರು. ರಂಜಾನ್‌ಗೂ ಮೊದಲು."

ರಂಜಾನ್‌ಗೂ ಮೊದಲು ನಮ್ಮ ಮೇಜಿನ ಮೇಲೆ ಒಂದು ಕಂಬವೂ ನಿಂತಿರಲಿಲ್ಲ.

ಮುಂದಿನ ಸಾಲಿನಲ್ಲಿ ನಮ್ಮ ಮಗಳು ಎದ್ದು ನಿಂತು ಕೈ ಎತ್ತಿದ್ದಳು. ಆಕ್ಷೇಪ ಇದ್ದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಅವಳನ್ನು ನೋಡಿ ಪಕ್ಕದವಳು, ಅವಳನ್ನು ನೋಡಿ ಮತ್ತೊಬ್ಬ. ತರಗತಿಗೆ ತರಗತಿಯೇ ಕೈ ಎತ್ತಿ, ಹೆಸರು ಕರೆಯುವುದನ್ನು ಕಾಯುತ್ತ ನಿಂತಿತು. ಅಣ್ಣನಿಗೆ ಖುಷಿಯೋ ಖುಷಿ. "ನೋಡಿ, ಮಕ್ಕಳೂ ಕೈ ಎತ್ತಿದ್ದಾರೆ. ಖಲಾಸ್. ಸರ್ವಾನುಮತ."

ಜನ ಚಪ್ಪಾಳೆ ಹೊಡೆದರು. ಸ್ಟೇಜಿನ ಮೇಲೆ ಅಣ್ಣನ ಪಕ್ಕ ನಮ್ಮವರಿದ್ದರು. ಆ ಕೈಗಳ ಅರ್ಥ ಅಲ್ಲಿ ಗೊತ್ತಿದ್ದವರು ಅವರೊಬ್ಬರೇ. ಪ್ರತಿ ರಿಹರ್ಸಲನ್ನೂ ಕೂತು ನೋಡಿ, ಮುಗಿದ ಮೇಲೆ ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋದವರು ಅವರೇ ತಾನೇ. ಅವರು ಮಗಳನ್ನು ನೋಡಿದರು. ಅಂಗೈ ಕೆಳಗೆ ಮಾಡಿ, ಇಳಿಸು ಎಂಬಂತೆ ಮೆಲ್ಲಗೆ ಸನ್ನೆ ಮಾಡಿದರು. ಆಮೇಲೆ ಅವರೂ ಚಪ್ಪಾಳೆ ಹೊಡೆದರು. ಮಗಳು ಇಳಿಸಲಿಲ್ಲ. ಜನ ನೀರುದೋಸೆಯ ಕಡೆ ನುಗ್ಗುವಾಗಲೂ ಅವಳ ಕೈ ಮೇಲೆಯೇ ಇತ್ತು. ನಾನು ಹೋಗಿ ಅದನ್ನು ಹಿಡಿದುಕೊಂಡೆ.

ವಾಪಸ್ ಬರುವಾಗ ಬಿಸಿಲು ಎದುರಿನಿಂದ ಹೊಡೆಯುತ್ತಿತ್ತು. ಅವರೇ ಮಾತು ತೆಗೆದರು.

"ಹೇಳ್ಬೇಕು ಅಂತಲೇ ಇದ್ದೆ. ನಿನ್ನ ಖುಷಿ ನೋಡಿ ಬಾಯಿ ಬರ್ಲಿಲ್ಲ."

"ಪಾರ್ಲಿಮೆಂಟ್ ಮಾಡಿಸು ಅಂತ ಹೇಳ್ಲಿಕ್ಕೆ ಬಾಯಿ ಬಂತು."

"ನಿನಗೆ ಒಂದು ಒಳ್ಳೆಯ ಸೆಂಡಾಫ್ ಆಗ್ಲಿ ಅಂತ. ನೋಡು, ಸಂಘ ಅಂದ್ರೆ ಹೀಗೇ. ನಿಜವಾಗಿ ಕೈ ಎತ್ತಿಸಿದ್ರೆ ಎರಡು ಪಾರ್ಟಿ ಆಗ್ತದೆ. ಊರಿಗೆ ಹೋದ ಮೇಲೂ ಮಾತು ಬಿಡ್ತಾರೆ."

"ಎರಡು ಕಡೆಯವರೂ ಒಂದೇ ಸೂರಿನಡಿ ಕೂರ್ಲಿ ಅಂತಲೇ ಅಲ್ವಾ ಅಂಥ ಕಟ್ಟಡ ಕಟ್ಟುವುದು?"

"ನೀನು ಒಂದು ಮಾಡೆಲನ್ನು ಭಾರೀ ಸೀರಿಯಸ್ಸಾಗಿ ತಗೊಂಡೆ," ಎಂದು ಅವರು ಏಸಿ ಹೆಚ್ಚು ಮಾಡಿದರು.

ನಾವು ಇಲ್ಲಿ ಬಂದು ದುಡಿಯುವವರು. ಇಲ್ಲಿ ಓಟು ಕೇಳುವ ಮಾತೇ ಇಲ್ಲ, ಅದು ನಮಗೂ ಗೊತ್ತು. ಊರಿನಲ್ಲಿ ಓಟಿನ ದಿನ ನಾವು ಇರುವುದಿಲ್ಲ. ಇಲ್ಲೇ ಹುಟ್ಟಿದ ಈ ಮಕ್ಕಳು ನಿಜವಾದ ಮತದಾನ ಎಂದು ಕಣ್ಣಾರೆ ಕಾಣಬಹುದಾಗಿದ್ದದ್ದು ಆ ದಿನ ಆ ಹಾಲ್‌ನಲ್ಲಿ ಮಾತ್ರ. ಸೋತಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. ಸೋಲುವುದು ಹೇಗೆಂದು ಮಕ್ಕಳಿಗೆ ಕಲಿಸಿಯೂ ಇದ್ದೆ. ನಮ್ಮನ್ನು ಸೋಲಲಿಕ್ಕೂ ಬಿಡಲಿಲ್ಲ.

ತರಗತಿ ನಿಂತಿತು. ಕೆಲವು ತಾಯಂದಿರು ಮನೆಯಲ್ಲಿ ಮಾಡಿ ಎಂದರು. ಆಗ ನನಗೆ ಆ ಮಕ್ಕಳ ಮುಖ ನೋಡುವ ಧೈರ್ಯ ಇರಲಿಲ್ಲ.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಅಲ್ ಮೀನಾದ ಮೀನು ಮಾರ್ಕೆಟಿನಿಂದ ತಂದ ಅಂಜಲ್ ಹುರಿದು ಊಟಕ್ಕೆ ಕೂತಿದ್ದೆವು. ನಮ್ಮವರು ತಟ್ಟೆ ಎಳೆದುಕೊಳ್ಳುತ್ತ, "ಈ ಸಲ ರಜೆಗೆ ಊರಿಗೆ ಹೋಗುವುದಾ, ಬೇರೆ ಎಲ್ಲಿಗಾದ್ರೂ ಹೋಗುವುದಾ? ನೀವಿಬ್ಬರೇ ಹೇಳಿ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು ಅನ್ನಿಸಿತು.

ಮಗಳು ಮುಳ್ಳು ಬಿಡಿಸುತ್ತ, ತಲೆ ಎತ್ತದೆ ಹೇಳಿದಳು, "ಯು ಮಸ್ಟ್ ಹ್ಯಾವ್ ಆಲ್‌ರೆಡಿ ಡಿಸೈಡೆಡ್, ಡ್ಯಾಡಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ನನ್ನ ಕಡೆ ತಿರುಗಿದರು, ಹಾಗೆಲ್ಲ ಇಲ್ಲ ಎಂದು ನಾನಾದರೂ ಹೇಳಲಿ ಎಂಬಂತೆ. ಮೊದಲಾಗಿದ್ದರೆ ಹೇಳುತ್ತಿದ್ದೆ. ಅವರ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿ, ಅನ್ನದ ಪಾತ್ರೆಯನ್ನು ಅವರ ಹತ್ತಿರಕ್ಕೆ ಸರಿಸಿದೆ.