ನಮ್ಮ ಬಾಗಿಲ ಮುಂದೆ ಹಾದುಹೋದ ಪೇರಲ

ನಾನಿನ್ನೂ ಪರಕಾರ ಉಡುವ ಹುಡುಗಿಯಾಗಿದ್ದಾಗಿನ ಮಾತು. ಆಗ ಬಂದ ಸಿಟ್ಟು ಈ ವಯಸ್ಸಿನಲ್ಲೂ ಆರಿಲ್ಲ.

ನಮ್ಮದು ದೊಡವಾಡದ ಹತ್ತಿರದ ಊರು. ಹೊಲದಲ್ಲಿ ಹತ್ತಿ, ಜೋಳ. ಬಾವಿಯ ಸುತ್ತ ಪೇರಲ ಗಿಡಗಳು. ಹಣ್ಣಿನ ಕಾಲ ಬಂತೆಂದರೆ ಅಪ್ಪ ಬುಟ್ಟಿ ತುಂಬಿಕೊಂಡು ಬೈಲಹೊಂಗಲಕ್ಕೆ ಗಾಡಿ ಹೊಡೆಯುತ್ತಿದ್ದ. ಅಲ್ಲಿ ಒಬ್ಬ ದಲಾಲಿ. ಅವನೂ ಖರೀದಿದಾರನೂ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾಡುತ್ತಿದ್ದರು. ಬೆಳೆದವನು ದೂರ ನಿಂತು ಅವರ ಮುಖ ನೋಡಬೇಕು, ಕೊಟ್ಟಷ್ಟು ಇಸಿದುಕೊಂಡು ಕೈಮುಗಿಯಬೇಕು. ಬುಟ್ಟಿಗಳೂ ಅಲ್ಲೇ ಉಳಿಯುತ್ತಿದ್ದವು.

ಒಂದು ದಿನ ಧಾರವಾಡದ ಕಡೆ ಹೊರಟ ಗಾಡಿಯೊಂದು ಎತ್ತಿಗೆ ನೀರು ಕುಡಿಸಲು ನಮ್ಮ ಬಾಗಿಲ ಮುಂದೆ ನಿಂತಿತು. ನೀರು ತಂದ ಅವ್ವ ಗಾಡಿಯನ್ನೇ ನೋಡುತ್ತ ನಿಂತುಬಿಟ್ಟಳು. ಅವಳೇ ತೊಗರಿ ಕಟ್ಟಿಗೆಯಿಂದ ಹೆಣೆದು, ಅಂಚಿಗೆ ಹಳೆಯ ಸೀರೆಯ ಚಿಂದಿ ಸುತ್ತಿದ್ದ ಬುಟ್ಟಿಗಳು ಅದರಲ್ಲಿದ್ದವು.

“ಯಪ್ಪಾ, ಈ ಹಣ್ಣು ಎಲ್ಲಿಗೆ ಹೊಂಟಾವು?” ಎಂದು ಕೇಳಿದಳು.

“ಧಾರವಾಡಕ್ಕ ಯವ್ವಾ. ಟೇಶನ್ದಾಗ ರೈಲಿಗೆ ಏರಸ್ತಾರ. ದಿನಾ ಇದ ದಾರ್ಯಾಗ ಹೊಕ್ಕೇನಲ್ಲ,” ಎಂದ ಗಾಡಿಯವನು.

ಅವ್ವನ ಕೈಯ ಕೊಡ ನೆಲಕ್ಕೆ ಬಿತ್ತು. ನಮ್ಮ ಹಣ್ಣು ಧಾರವಾಡಕ್ಕೆ ಬೆನ್ನು ತಿರುಗಿಸಿ ಬೈಲಹೊಂಗಲಕ್ಕೆ ಹೋಗಿ, ದಲಾಲಿಯದಾಗಿ, ಮತ್ತೆ ನಮ್ಮ ಅಂಗಳವನ್ನೇ ಹಾದು ಧಾರವಾಡ ಸೇರುತ್ತಿತ್ತು! ಆ ಸಂಜೆ ಅಪ್ಪ ಹೊಲದಿಂದ ಬಂದಾಗ ಅವಳು ಕಾಲಿಗೆ ನೀರನ್ನೂ ಕೊಡಲಿಲ್ಲ.

“ನಮ್ಮ ಮನಿ ಮುಂದಿಂದ ಹೊಕ್ಕಾವರೀ ನಮ್ಮ ಹಣ್ಣು. ನಾವ ಒಯ್ದರ ಏನಾಕೈತಿ?”

“ನಮ್ಮಪ್ಪನ ಕಾಲದಿಂದ ಅವರಿಗೇ ಹಾಕ್ಕೋತ ಬಂದೇವಿ. ಹೆಂಗಸು ನಿನಗೇನ್ ತಿಳೀತೈತಿ ಪ್ಯಾಟಿ ವ್ಯವಹಾರ?”

ಅವ್ವ ಸಂಪಗಾಂವದಲ್ಲಿದ್ದ ತನ್ನ ಅಣ್ಣನಿಗೆ ಹೇಳಿ ಕಳಿಸಿದಳು. ಮಾವ ಗಾಡಿ ಕಟ್ಟಿಕೊಂಡು ಬಂದ. ಹಣ್ಣು ಹೇರಿಕೊಂಡು ಧಾರವಾಡಕ್ಕೆ ಹೊರಟೆವು. ನಾನೂ ಹಟ ಮಾಡಿ ಗಾಡಿ ಹತ್ತಿದ್ದೆ.

ಅಲ್ಲಿನ ಹಣ್ಣಿನ ವ್ಯಾಪಾರಿ ಬುಟ್ಟಿಯೊಂದನ್ನು ನೆಲಕ್ಕೆ ಸುರಿದ. “ಮ್ಯಾಲ ಚಲೋವು, ತಳಕ್ಕ ಚಟ್ನಿ! ಇದನ್ನ ರೈಲಿಗೆ ಹೆಂಗ ಹಾಕಲಿ?” ಸುತ್ತ ನಿಂತವರು ನಕ್ಕರು. ಅವ್ವ ಕದಲಲಿಲ್ಲ. “ಹಂಗಾದರ ಹೆಂಗಿರಬೇಕು, ಹೇಳ್ರಿ,” ಎಂದಳು. ಬಲಿತ ಕಾಯಿ, ತೊಟ್ಟಿನ ಸಮೇತ, ಒಂದೇ ಗಾತ್ರ, ಸಣ್ಣ ಬುಟ್ಟಿ ಎಂದ ಅವನು. ನಮ್ಮ ಹಣ್ಣನ್ನು ತಾನು ಆರಿಸಿ ತುಂಬಿ ಕಳಿಸುತ್ತಿದ್ದ ಆ ದಲಾಲಿ ಇಷ್ಟು ವರ್ಷ ಈ ನಾಲ್ಕು ಮಾತನ್ನು ನಮಗೆ ಹೇಳಿರಲಿಲ್ಲ. ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಮರಳುವಾಗ ಗಾಡಿಯಲ್ಲಿ ಕೂತು ನಾನು ಅದನ್ನೇ ಕೇಳುತ್ತ ಬಂದೆ. ಮಾವ ಎತ್ತುಗಳನ್ನು ಬೈಯುತ್ತ ಹೊಡೆದ.

ವ್ಯಾಪಾರಿ ಕೊಳ್ಳದೆ ಮರಳಿ ತಂದ ಹಣ್ಣು ಎಮ್ಮೆಗಳ ಪಾಲಾಯಿತು. ಅಪ್ಪ ಕಟ್ಟೆಯ ಮೇಲೆ ಕೂತು, ಓಣಿಯವರಿಗೆಲ್ಲ ಕೇಳುವಂತೆ ನಕ್ಕ. ಅವ್ವ ಮಾತ್ರ ನಮ್ಮಂತೆಯೇ ಪೇರಲ ಬೆಳೆಯುವ ಅಕ್ಕಪಕ್ಕದ ಮನೆಗಳ ಹೆಂಗಸರನ್ನು ಕರೆದು ಅಂಗಳದಲ್ಲಿ ಕೂಡಿಸಿದಳು. ಸಣ್ಣ ಬುಟ್ಟಿ ಹೆಣೆದರು. ತಳಕ್ಕೆ ಭತ್ತದ ಹುಲ್ಲು, ನಡುನಡುವೆ ಬೇವಿನ ಸೊಪ್ಪು. ಕಾಯಿಗಳನ್ನು ಆರಿಸಿ ಬೇರೆ ಮಾಡಿದರು: ಬಲಿತದ್ದು ಧಾರವಾಡಕ್ಕೆ, ಹಣ್ಣಾದದ್ದು ಊರ ಸಂತೆಗೆ, ಉದುರಿದ್ದು ದನಕ್ಕೆ. ಎಲ್ಲ ಮನೆಗಳ ಮಾಲು ಮಾವನ ಒಂದೇ ಗಾಡಿಯಲ್ಲಿ ಹೋಯಿತು. ಈ ಸಲ ವ್ಯಾಪಾರಿ ಬುಟ್ಟಿ ಸುರಿಯಲಿಲ್ಲ. ಕೈಯಾಡಿಸಿ ನೋಡಿ, ಬಾಯಿಬಿಟ್ಟು ದರ ಹೇಳಿದ. ಅವ್ವ ಇನ್ನಷ್ಟು ಕೇಳಿದಳು. ಅವನು ಕೊಟ್ಟ.

ಸುದ್ದಿ ಬೈಲಹೊಂಗಲಕ್ಕೆ ಮುಟ್ಟಲು ತಡವಾಗಲಿಲ್ಲ. ನಮ್ಮ ಹತ್ತಿ ಮಾರಿಸುತ್ತಿದ್ದವನೂ ಆ ದಲಾಲಿಯೇ. ಅವನು ನಮ್ಮ ಕಟ್ಟೆಗೇ ಬಂದು, “ಇನ್ನ ನಿನ್ನ ಹತ್ತೀನೂ ನಮ್ಮ ಅಂಗಡಿಗೆ ತರಬ್ಯಾಡ,” ಎಂದು ಅಪ್ಪನಿಗೆ ಹೇಳಿಹೋದ. ಅಪ್ಪ ಒಳಗೆ ಬಂದು ಅವ್ವನ ಮೇಲೆ ಕೈಯೆತ್ತಿದ.

“ಹೊಡೀರಿ,” ಎಂದಳು ಅವ್ವ. “ಹೊಡದರೂ ಹಣ್ಣು ಧಾರವಾಡಕ್ಕ ಹೋಗೂವ. ಹತ್ತಿ ಏನ್ ನಾಳಿಗೆ ಕೊಳೀತೈತೇನ್ರಿ? ಮನ್ಯಾಗ ಬಿದ್ದಿರಲಿ. ಹಣ್ಣು ಕಾಯೂದಿಲ್ಲ.”

ಎತ್ತಿದ ಕೈ ಕೆಳಗಿಳಿಯಿತು. ಆ ವರ್ಷ ಹತ್ತಿ ಪಡಸಾಲೆ ತುಂಬ ಬಿದ್ದಿತ್ತು. ಅದರ ಮೇಲೆಯೇ ಮಲಗಿದೆವು. ಬೇಸಿಗೆಯಲ್ಲಿ ಮಾವನೇ ಅದನ್ನೂ ಹುಬ್ಬಳ್ಳಿಗೆ ಒಯ್ದು ಮಾರಿ ಬಂದ. ಮುಂದಿನ ಹಂಗಾಮಿಗೆ ನಮ್ಮ ಊರಿನ ಪೇರಲ ಒಂದು ಬುಟ್ಟಿಯೂ ಬೈಲಹೊಂಗಲಕ್ಕೆ ಹೋಗಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ನನ್ನ ಸಿಟ್ಟೂ ಮುಗಿಯುತ್ತಿತ್ತು. ಊರ ಹಿರಿಯರು ಚಾವಡಿಗೆ ಕರೆದು, ಊರಿಗೆ ಹೊಸ ದಾರಿ ತೋರಿಸಿದನೆಂದು ಅಪ್ಪನ ತಲೆಗೆ ಪಟಗಾ ಸುತ್ತಿದರು. ಅಪ್ಪ ತಲೆ ಬಾಗಿಸಿ ಸುತ್ತಿಸಿಕೊಂಡ. “ನಂದಲ್ಲ, ನಮ್ಮಾಕೀದು” ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ.

ನಾನು ಓಡಿ ಬಂದು ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. “ಸುತ್ತಲಿ ಬಿಡು. ನಾಳೆ ಗಾಡಿ ಹೇರೂದೈತಿ, ಹುಲ್ಲು ತಂದಿಡು,” ಎಂದಳು.

ಹುಲ್ಲು ತಂದಿಟ್ಟೆ. ಆದರೆ ಅಪ್ಪನೊಡನೆ ಬಹಳ ದಿನ ಮಾತಾಡಲಿಲ್ಲ. ಯಾಕೆಂದು ಅವನು ಒಮ್ಮೆಯೂ ಕೇಳಲಿಲ್ಲ.